ಸ್ಯಾನ್ ಒನೋಫ್ರೆಯಲ್ಲಿ ತಡೆದ ರೈಲು: ಐರಿಷ್ ಗಣಿ ಕಾರ್ಮಿಕರ ಮೊಕದ್ದಮೆಗಳಿಂದ 1912ರ ಸ್ಯಾನ್ ಡಿಯೇಗೊವರೆಗೆ

ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ 1887ರಲ್ಲಿ ಕಟ್ಟಿದ ಸಾಂತಾ ಫೆ ರೈಲು ನಿಲ್ದಾಣದ ಕಟ್ಟಡ ಈಗಲೂ ನಿಂತಿದೆ. ಲಾಸ್ ಏಂಜಲೀಸಿನಿಂದ ಕಡಲಂಚು ಹಿಡಿದು ದಕ್ಷಿಣಕ್ಕೆ ಬರುವ ಹಳಿ ಸ್ಯಾನ್ ಒನೋಫ್ರೆ, ಓಷನ್‌ಸೈಡ್, ಕಾರ್ಲ್ಸ್‌ಬಾಡ್‌ಗಳನ್ನು ಹಾದು ಸ್ಯಾನ್ ಡಿಯೇಗೊ ಮುಟ್ಟುತ್ತದೆ. 1912ರ ವಸಂತದಲ್ಲಿ ನೂರಾರು ಕಾರ್ಮಿಕರು ಸ್ಯಾನ್ ಡಿಯೇಗೊದ ಬೀದಿಯಲ್ಲಿ ನಿಂತು ಭಾಷಣ ಮಾಡಲೆಂದೇ ಹೊರಟು ಬಂದರು. ಈ ಹಳಿಯಲ್ಲಿ ಬಂದವರಲ್ಲಿ ಬಹಳ ಮಂದಿಗೆ ಕಾರ್ಲ್ಸ್‌ಬಾಡ್ ದಾಟುವುದಿರಲಿ, ಅಲ್ಲಿಯವರೆಗೆ ಬರುವುದಕ್ಕೂ ಆಗಲಿಲ್ಲ. ಅಲ್ಲಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ, ಕೌಂಟಿಯ ಗಡಿಯಲ್ಲಿರುವ ಸ್ಯಾನ್ ಒನೋಫ್ರೆಯಲ್ಲಿ ಆಯುಧ ಹಿಡಿದ ಖಾಸಗಿ ಗುಂಪುಗಳು ಅವರನ್ನು ರೈಲಿನಿಂದ ಇಳಿಸಿ ಹೊಡೆದು ಹಿಂದಕ್ಕಟ್ಟಿದವು.

ಈ ಪ್ರದೇಶದಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲು ಗಣಿಗಾರಿಕೆ ಬೆಳೆಯಲಿಲ್ಲ. ಹಾಗಿದ್ದೂ ಇಲ್ಲಿ ನಡೆದದ್ದನ್ನು ಪೆನ್ಸಿಲ್ವೇನಿಯದ ಐರಿಷ್ ಕಲ್ಲಿದ್ದಲು ಕಾರ್ಮಿಕರ ಕಥೆಯಿಂದ ಬೇರ್ಪಡಿಸಿ ಓದಲಾಗದು ಎಂಬುದು ಈ ಟಿಪ್ಪಣಿಯ ವಾದ. 1877ರ ಗಲ್ಲುಗಳಿಗೂ 1912ರ ಲಾಠಿಗಳಿಗೂ ನಡುವೆ ಕೆಲವು ವ್ಯಕ್ತಿಗಳು, ಒಂದು ಸಂಘಟನೆ ಮತ್ತು ಮಾಲೀಕರ ಒಂದು ಕಾರ್ಯವಿಧಾನ ನೇರ ಕೊಂಡಿಯಾಗಿವೆ. ಆರಂಭದ ಕಾರ್ಮಿಕ ಹೋರಾಟ ಹಿಂಸಾತ್ಮಕವಾಗಿತ್ತು ಎಂದು ಎಲ್ಲರೂ ಬರೆಯುತ್ತಾರೆ. ಆ ಹಿಂಸೆಯ ಸಾಕ್ಷ್ಯ ಯಾರ ಕೈಯಲ್ಲಿ ತಯಾರಾಯಿತು ಎಂಬುದನ್ನು ಮೊದಲು ಕೇಳಬೇಕು. ಹಾಗೆ ಕೇಳಿದಾಗ ಪ್ರತಿಯೊಂದು ಪ್ರಕರಣಕ್ಕೂ ಬೇರೆ ಬೇರೆ ಉತ್ತರ ಸಿಗುತ್ತದೆ.

ಪೆನ್ಸಿಲ್ವೇನಿಯ: ಕಂಪನಿಯ ಪೊಲೀಸು, ಕಂಪನಿಯ ವಕೀಲ

1840ರ ದಶಕದ ಮಹಾಕ್ಷಾಮದ ನಂತರ ಐರ್ಲೆಂಡ್ ಬಿಟ್ಟು ಬಂದವರಲ್ಲಿ ಸಾವಿರಾರು ಮಂದಿ ಪೂರ್ವ ಪೆನ್ಸಿಲ್ವೇನಿಯದ ಆಂತ್ರಸೈಟ್ ಗಣಿಗಳಿಗೆ ಇಳಿದರು. ಕೌಶಲದ ಕೆಲಸ ಹೆಚ್ಚಾಗಿ ವೇಲ್ಸ್ ಮತ್ತು ಇಂಗ್ಲೆಂಡಿನಿಂದ ಬಂದ ಪಳಗಿದ ಗಣಿಗಾರರದು. ಕಡಿಮೆ ಕೂಲಿಯ ಕಷ್ಟದ ಕೆಲಸ ಐರಿಷ್ ಕ್ಯಾಥೊಲಿಕರ ಪಾಲಿಗೆ ಬಿತ್ತು. 1869ರ ಸೆಪ್ಟೆಂಬರ್ 6ರಂದು ಏವನ್‌ಡೇಲ್ ಗಣಿಗೆ ಬೆಂಕಿ ಬಿದ್ದು 110 ಮಂದಿ ಸತ್ತರು. ಗಣಿಗೆ ಇದ್ದದ್ದು ಒಂದೇ ಬಾಯಿ. ಅದರ ಮೇಲಿನ ಮರದ ಕಟ್ಟಡವೇ ಉರಿದಾಗ ಒಳಗಿದ್ದವರಿಗೆ ಹೊರಬರಲು ಬೇರೆ ದಾರಿಯಿರಲಿಲ್ಲ. ಹಿಂದಿನ ವರ್ಷವಷ್ಟೇ ಜಾನ್ ಸೈನಿಯ ನೇತೃತ್ವದಲ್ಲಿ ಹುಟ್ಟಿದ್ದ ‘ವರ್ಕಿಂಗ್‌ಮೆನ್ಸ್ ಬೆನೆವೊಲೆಂಟ್ ಅಸೋಸಿಯೇಷನ್’ ಗಣಿ ಸುರಕ್ಷತೆಯ ಕಾನೂನಿಗೂ ನ್ಯಾಯವಾದ ಕೂಲಿಗೂ ಬಹಿರಂಗವಾಗಿ ಹೋರಾಡಿದ ಸಂಘ. ಐರಿಷ್, ವೆಲ್ಷ್, ಇಂಗ್ಲಿಷ್ ಎಂಬ ಭೇದವಿಲ್ಲದೆ ಅದು ಎಲ್ಲರನ್ನೂ ಸೇರಿಸಿಕೊಂಡಿತ್ತು. ಕೊಲೆ, ಬೆಂಕಿ ಹಚ್ಚುವುದನ್ನು ಖಂಡಿಸಿತ್ತು.

ಇದೇ ಗಣಿ ಜಿಲ್ಲೆಗಳಲ್ಲಿ 1860 ಮತ್ತು 70ರ ದಶಕಗಳಲ್ಲಿ ಗಣಿ ಅಧಿಕಾರಿಗಳ, ಮೇಸ್ತ್ರಿಗಳ ಕೊಲೆಗಳೂ ನಡೆದವು. ಇವುಗಳ ಹಿಂದೆ ‘ಮಾಲಿ ಮಗ್ವಾಯರ್ಸ್’ ಎಂಬ ಐರಿಷ್ ಗುಪ್ತಸಂಘವಿದೆ ಎಂದು ಆರೋಪಿಸಲಾಯಿತು. ಇತಿಹಾಸಕಾರ ಕೆವಿನ್ ಕೆನ್ನಿ 1998ರ ತಮ್ಮ ಅಧ್ಯಯನದಲ್ಲಿ ಈ ಹಿಂಸೆಯ ಬೇರನ್ನು ಐರ್ಲೆಂಡಿನ ಉತ್ತರ ಭಾಗದ ಹಳ್ಳಿಗಳಲ್ಲಿ ಗುರುತಿಸುತ್ತಾರೆ: ಜಮೀನ್ದಾರ ಒಕ್ಕಲೆಬ್ಬಿಸಿದಾಗ ನ್ಯಾಯಾಲಯದಲ್ಲಿ ನ್ಯಾಯ ಸಿಗದ ಗೇಣಿದಾರರು ಅನುಸರಿಸಿದ ಸೇಡಿನ ರೂಢಿ ಅದು. ಹೀಗಾಗಿ ಹಿಂಸೆ ಪೂರ್ತಿ ಕಟ್ಟುಕಥೆಯೂ ಅಲ್ಲ. ಪತ್ತೇದಾರರು ಚಿತ್ರಿಸಿದಂಥ ಮಹಾ ಪಿತೂರಿಯೂ ಅಲ್ಲ.

ಆ ಚಿತ್ರ ತಯಾರಾದ ಬಗೆಯನ್ನು ಹತ್ತಿರದಿಂದ ನೋಡಬೇಕು. ಪೆನ್ಸಿಲ್ವೇನಿಯ ಶಾಸನಸಭೆ 1865ರಲ್ಲಿ ರೈಲು ಕಂಪನಿಗಳಿಗೂ, ಮರುವರ್ಷ ಕಲ್ಲಿದ್ದಲು ಮತ್ತು ಕಬ್ಬಿಣದ ಕಂಪನಿಗಳಿಗೂ ತಮ್ಮದೇ ಪೊಲೀಸರನ್ನು ಇಟ್ಟುಕೊಳ್ಳುವ ಅಧಿಕಾರ ಕೊಟ್ಟಿತು. ಬಿಲ್ಲೆ ಸರ್ಕಾರದ್ದು, ಸಂಬಳ ಕಂಪನಿಯದು. ಫಿಲಡೆಲ್ಫಿಯ ಆ್ಯಂಡ್ ರೀಡಿಂಗ್ ರೈಲ್ವೆಯ ಅಧ್ಯಕ್ಷ ಫ್ರ್ಯಾಂಕ್ಲಿನ್ ಗೋವೆನ್ ಗಣಿಗಳನ್ನೂ ಕೊಂಡು ಇಡೀ ಪ್ರದೇಶದ ಮೇಲೆ ಹಿಡಿತ ಸಾಧಿಸಿದ್ದ. 1873ರಲ್ಲಿ ಆತ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯನ್ನು ನೇಮಿಸಿಕೊಂಡ. ಅದು ಕಳುಹಿಸಿದ ಜೇಮ್ಸ್ ಮೆಕ್‌ಪಾರ್ಲೆಂಡ್ ತಾನೂ ಐರ್ಲೆಂಡಿನ ಆರ್ಮಾ ಪ್ರಾಂತದವನೇ. ಜೇಮ್ಸ್ ಮೆಕೆನ್ನ ಎಂಬ ಸುಳ್ಳು ಹೆಸರಿನಲ್ಲಿ ಹೆಂಡದಂಗಡಿಗಳಲ್ಲಿ ಹಾಡಿ, ಕುಡಿಸಿ, ಕಾರ್ಮಿಕರ ವಿಶ್ವಾಸ ಗಳಿಸಿ ವರದಿ ಕಳುಹಿಸುತ್ತ ಹೋದ.

1875ರ ಮೊದಲ ಅರ್ಧದಲ್ಲಿ ನಡೆದ ದೀರ್ಘ ಮುಷ್ಕರ ಹಸಿವಿನಲ್ಲಿ ಕೊನೆಗೊಂಡಿತು, ಸಂಘ ಮುರಿಯಿತು. ಅನಂತರ ಆ ಕೊಲೆಗಳ ಮೊಕದ್ದಮೆಗಳು ಶುರುವಾದವು. ಬಂಧಿಸಿದವರು ಕಂಪನಿಯ ಪೊಲೀಸರು. ಸಾಕ್ಷ್ಯ ಹೇಳಿದವರು ಕಂಪನಿಯ ಪತ್ತೇದಾರ ಮತ್ತು ತಮ್ಮ ಕುತ್ತಿಗೆ ಉಳಿಸಿಕೊಳ್ಳಲು ಮಾಫಿ ಸಾಕ್ಷಿಗಳಾದ ಆರೋಪಿಗಳು. ಸರ್ಕಾರದ ಪರ ವಾದಿಸಿದವರಲ್ಲಿ ಸ್ವತಃ ಗೋವೆನ್ ಇದ್ದ. ಜ್ಯೂರಿಗಳಿಂದ ಐರಿಷ್ ಕ್ಯಾಥೊಲಿಕರನ್ನು ದೂರವಿಟ್ಟಿದ್ದರು. ಸರ್ಕಾರ ಒದಗಿಸಿದ್ದು ನ್ಯಾಯಾಧೀಶರ ಪೀಠ ಮತ್ತು ಗಲ್ಲಿನ ಹಗ್ಗ. 1877ರ ಜೂನ್ 21ರಂದು ಪಾಟ್ಸ್‌ವಿಲ್‌ನಲ್ಲಿ ಆರು, ಮಾಚ್ ಚಂಕ್‌ನಲ್ಲಿ ನಾಲ್ಕು, ಹೀಗೆ ಒಂದೇ ದಿನ ಹತ್ತು ಮಂದಿಯನ್ನು ಗಲ್ಲಿಗೇರಿಸಿದರು. 1879ರ ಹೊತ್ತಿಗೆ ಈ ಸಂಖ್ಯೆ 20 ಆಯಿತು. ಇವರ ನಾಯಕನೆಂದು ಹೆಸರಿಸಲಾಗಿದ್ದ ಜಾನ್ ಕೆಹೋ 1878ರ ಡಿಸೆಂಬರ್‌ನಲ್ಲಿ ಗಲ್ಲಿಗೇರಿದ. ನೂರು ವರ್ಷಗಳ ನಂತರ, 1979ರಲ್ಲಿ, ಪೆನ್ಸಿಲ್ವೇನಿಯ ರಾಜ್ಯ ಆತನಿಗೆ ಮರಣೋತ್ತರ ಕ್ಷಮಾದಾನ ಕೊಟ್ಟಿತು.

ಗಲ್ಲಿಗೇರಿದ ಇಪ್ಪತ್ತೂ ಜನ ನಿರಪರಾಧಿಗಳೆಂದು ಹೇಳಲು ಆಧಾರ ಸಾಲದು. ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲವೆಂದು ಹೇಳಲು ಬೇಕಾದಷ್ಟು ಆಧಾರವಿದೆ. ಇವೆರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ಪ್ರಕರಣದ ಬಗ್ಗೆ ಸತ್ಯ ಹೇಳಿದಂತಾಗುವುದಿಲ್ಲ.

ಪತ್ತೇದಾರ ಪಶ್ಚಿಮಕ್ಕೆ ಹೋದ

ಗಣಿ ಕಾರ್ಮಿಕರು ಪಶ್ಚಿಮದ ಬೆಳ್ಳಿ, ತಾಮ್ರ, ಸೀಸದ ಗಣಿಗಳಿಗೆ ಹೋದಂತೆ ಪತ್ತೇದಾರರೂ ಹೋದರು. 1905ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಮಾಜಿ ಗವರ್ನರ್ ಫ್ರ್ಯಾಂಕ್ ಸ್ಟ್ಯೂನೆನ್‌ಬರ್ಗ್ ಮನೆಯ ಗೇಟಿನ ಬಳಿ ಬಾಂಬಿಗೆ ಬಲಿಯಾದ. ತನಿಖೆಗೆ ಬಂದವನು ಅದೇ ಮೆಕ್‌ಪಾರ್ಲೆಂಡ್, ಈಗ ಪಿಂಕರ್ಟನ್ ಸಂಸ್ಥೆಯ ಹಿರಿಯ ಅಧಿಕಾರಿ. ಆ ಕೊಲೆಯ ಆರೋಪದಲ್ಲಿ ಜೈಲಿನಲ್ಲಿದ್ದ ಹ್ಯಾರಿ ಆರ್ಚರ್ಡ್‌ನ ಎದುರು ಕೂತು ಆತ ಪೆನ್ಸಿಲ್ವೇನಿಯದ ಕಥೆಯನ್ನೇ ಹೇಳಿದ: ಕೆರಿಗನ್ ಎಂಬವನು ಜೊತೆಗಾರರ ವಿರುದ್ಧ ಸಾಕ್ಷಿ ಹೇಳಿ ಗಲ್ಲು ತಪ್ಪಿಸಿಕೊಂಡ ಕಥೆ. ಆರ್ಚರ್ಡ್ ತಪ್ಪೊಪ್ಪಿಕೊಂಡ, ಕೊಲೆ ಮಾಡಿಸಿದವರು ವೆಸ್ಟರ್ನ್ ಫೆಡರೇಷನ್ ಆಫ್ ಮೈನರ್ಸ್ ಸಂಘದ ನಾಯಕರು ಎಂದು ಹೆಸರಿಸಿದ. ಮೂವತ್ತು ವರ್ಷ ಹಿಂದಿನ ಮೊಕದ್ದಮೆ ಹೊಸ ಮೊಕದ್ದಮೆಗೆ ಉಪಕರಣವಾದದ್ದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

1906ರ ಫೆಬ್ರವರಿಯಲ್ಲಿ, ಅವನು ಹೆಸರಿಸಿದ ಬಿಲ್ ಹೇವುಡ್, ಚಾರ್ಲ್ಸ್ ಮೋಯರ್, ಜಾರ್ಜ್ ಪೆಟ್ಟಿಬೋನ್ ಅವರನ್ನು ಡೆನ್ವರ್‌ನಲ್ಲಿ ರಾತ್ರಿ ಹಿಡಿದು, ವಕೀಲರನ್ನು ನೋಡಲೂ ಬಿಡದೆ, ವಿಶೇಷ ರೈಲಿನಲ್ಲಿ ಐಡಹೋಗೆ ಸಾಗಿಸಲಾಯಿತು. ಆದರೆ ಐಡಹೋದ ಕಾನೂನಿನಲ್ಲಿ ಒಂದು ಕಾವಲಿತ್ತು: ಸಹ ಅಪರಾಧಿಯ ಮಾತೊಂದರಿಂದಲೇ ಶಿಕ್ಷೆ ವಿಧಿಸುವಂತಿಲ್ಲ, ಅದನ್ನು ಬೆಂಬಲಿಸುವ ಸ್ವತಂತ್ರ ಸಾಕ್ಷ್ಯ ಬೇಕು. ಅಂಥ ಸಾಕ್ಷ್ಯ ಸಿಗಲಿಲ್ಲ. ವಕೀಲ ಕ್ಲಾರೆನ್ಸ್ ಡ್ಯಾರೋ ಆರೋಪಿಗಳ ಪರ ವಾದಿಸಿದ ಆ ಮೊಕದ್ದಮೆಯಲ್ಲಿ ಜ್ಯೂರಿ 1907ರ ಜುಲೈನಲ್ಲಿ ಹೇವುಡ್‌ನನ್ನು ಬಿಡುಗಡೆ ಮಾಡಿತು. ಪೆನ್ಸಿಲ್ವೇನಿಯದಲ್ಲಿ ಹಗ್ಗವಾದ ವಿಧಾನ ಐಡಹೋದಲ್ಲಿ ಸೋತದ್ದು ಸಾಕ್ಷ್ಯದ ಒಂದು ನಿಯಮದಿಂದ.

ಇದೇ ಗಣಿ ಕಾರ್ಮಿಕರ ಸಂಘ 1905ರ ಜೂನ್‌ನಲ್ಲಿ ಶಿಕಾಗೊದಲ್ಲಿ ‘ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್’ ಅಥವಾ ಐ.ಡಬ್ಲ್ಯು.ಡಬ್ಲ್ಯು. ಕಟ್ಟುವಲ್ಲಿ ಮುಂದಿತ್ತು. ಸಭೆ ನಡೆಸಿದವನು ಹೇವುಡ್. ಅಲ್ಲಿ ಕೂತಿದ್ದವರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿ ಕಲ್ಲಿದ್ದಲು ಕಾರ್ಮಿಕರ ನಡುವೆ ಬದುಕು ಸವೆಸಿದ ಮದರ್ ಜೋನ್ಸ್ ಇದ್ದಳು. ಏಳು ವರ್ಷಗಳ ನಂತರ ಕಾರ್ಲ್ಸ್‌ಬಾಡ್ ಕಡೆಗೆ ಬರುತ್ತಿದ್ದ ರೈಲಿನಲ್ಲಿದ್ದವರು ಈ ಸಂಘಟನೆಯವರು.

ಲಾಸ್ ಏಂಜಲೀಸ್: ನಿಜವಾದ ಬಾಂಬು

1910ರ ಲಾಸ್ ಏಂಜಲೀಸ್‌ನಲ್ಲಿ ‘ಟೈಮ್ಸ್’ ಪತ್ರಿಕೆಯ ಒಡೆಯ ಹ್ಯಾರಿಸನ್ ಗ್ರೇ ಓಟಿಸ್ ಮತ್ತು ವರ್ತಕರ, ಕಾರ್ಖಾನೆದಾರರ ಸಂಘ ಸೇರಿ ಕಾರ್ಮಿಕ ಸಂಘಗಳಿಗೆ ಎಡೆಕೊಡದ ಊರನ್ನು ಕಟ್ಟಲು ಹೊರಟಿದ್ದರು. ಲೋಹ ಕಾರ್ಮಿಕರ ಮುಷ್ಕರ ನಡೆಯುತ್ತಿದ್ದಾಗ ಜುಲೈನಲ್ಲಿ ನಗರಸಭೆ ಪಿಕೆಟಿಂಗ್ ನಿಷೇಧಿಸಿತು. ನೂರಾರು ಮಂದಿ ಜೈಲಿಗೆ ಹೋದರು. ಅಕ್ಟೋಬರ್ 1ರ ನಸುಕಿನಲ್ಲಿ ಟೈಮ್ಸ್ ಕಟ್ಟಡದಲ್ಲಿ ಬಾಂಬು ಸಿಡಿದು, ಬೆಂಕಿ ಹಬ್ಬಿ 21 ಮಂದಿ ಸತ್ತರು. ಓಟಿಸ್ ಅಲ್ಲಿರಲಿಲ್ಲ. ಸತ್ತವರು ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ ಪತ್ರಿಕೆಯ ನೌಕರರು.

ಬಂಧಿತರಾದವರು ಐರಿಷ್ ಮೂಲದ ಸೋದರರು: ಕಬ್ಬಿಣ ಕಾರ್ಮಿಕರ ಸಂಘದ ಕಾರ್ಯದರ್ಶಿ ಜೆ.ಜೆ. ಮೆಕ್‌ನಮಾರ ಮತ್ತು ಆತನ ತಮ್ಮ ಜೆ.ಬಿ. ಮೆಕ್‌ನಮಾರ. ಬಂಧನ ಇಲ್ಲಿಯೂ ಖಾಸಗಿ ಪತ್ತೇದಾರ ವಿಲಿಯಂ ಬರ್ನ್ಸ್‌ನ ಕೈಯಿಂದ, ಇಲ್ಲಿಯೂ ರಾಜ್ಯದ ಗಡಿ ದಾಟಿಸಿದ ಅವಸರದ ಸಾಗಾಟ. ದೇಶದ ಕಾರ್ಮಿಕರು ಡೆನ್ವರ್ ಘಟನೆಯನ್ನು ನೆನೆದು ಇದೂ ಕಟ್ಟಿದ ಮೊಕದ್ದಮೆಯೇ ಎಂದು ನಂಬಿದರು, ಕಾಸಿಗೆ ಕಾಸು ಕೂಡಿಸಿ ಡ್ಯಾರೋನನ್ನು ಕರೆಸಿದರು. 1911ರ ಡಿಸೆಂಬರ್ 1ರಂದು ಸೋದರರಿಬ್ಬರೂ ತಪ್ಪೊಪ್ಪಿಕೊಂಡರು. ಟೈಮ್ಸ್ ಕಟ್ಟಡಕ್ಕೆ ಬಾಂಬಿಟ್ಟವನು ತಾನೇ ಎಂದು ಜೆ.ಬಿ. ಹೇಳಿದ, ಅವನಿಗೆ ಜೀವಾವಧಿ, ಅಣ್ಣನಿಗೆ ಮತ್ತೊಂದು ಸ್ಫೋಟಕ್ಕಾಗಿ 15 ವರ್ಷ. ನಾಲ್ಕೇ ದಿನಗಳ ನಂತರದ ಮೇಯರ್ ಚುನಾವಣೆಯಲ್ಲಿ, ಗೆಲುವಿನ ಹತ್ತಿರವಿದ್ದ ಸಮಾಜವಾದಿ ಅಭ್ಯರ್ಥಿ, ಈ ಸೋದರರ ವಕೀಲರಲ್ಲೊಬ್ಬನಾಗಿದ್ದ ಜಾಬ್ ಹ್ಯಾರಿಮನ್ ಸೋತ.

ಕಾರ್ಮಿಕರ ಪರ ಒಲವಿರುವ ಬರಹಗಾರರು ಈ ಘಟನೆಯನ್ನು ಬೇಗ ದಾಟಿಬಿಡುವುದುಂಟು. ದಾಟಬಾರದು. ಪತ್ತೇದಾರ ನಿಯಮ ಮುರಿದದ್ದೂ ನಿಜ, ಆರೋಪ ಸತ್ಯವಾಗಿದ್ದದ್ದೂ ನಿಜ. ದುಡಿಯುವವರ ಹೆಸರಿನಲ್ಲಿ ದುಡಿಯುವವರೇ ಸತ್ತರು. ಬಾಂಬು ಓಟಿಸ್‌ನ ವಾದಕ್ಕೇ ಬಲ ಕೊಟ್ಟಿತು. ಅದರ ಬೆಲೆ ತೆತ್ತವರು ಬಾಂಬಿಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಕಾರ್ಮಿಕರು. ಸ್ಯಾನ್ ಡಿಯೇಗೊದಲ್ಲಿ ತೆತ್ತವರೂ ಅವರೇ.

ಸ್ಯಾನ್ ಡಿಯೇಗೊ: ಭಾಷಣವೇ ಅಪರಾಧ

1910ರ ಗಣತಿಯಲ್ಲಿ ಸ್ಯಾನ್ ಡಿಯೇಗೊದ ಜನಸಂಖ್ಯೆ 40 ಸಾವಿರದಷ್ಟು. 1915ರ ಪನಾಮಾ–ಕ್ಯಾಲಿಫೋರ್ನಿಯಾ ವಸ್ತುಪ್ರದರ್ಶನಕ್ಕೆ ಊರು ಸಿದ್ಧವಾಗುತ್ತಿತ್ತು. ಐದನೇ ಬೀದಿ ಮತ್ತು ‘ಇ’ ಬೀದಿ ಕೂಡುವಲ್ಲಿ ಪೆಟ್ಟಿಗೆಯ ಮೇಲೆ ಹತ್ತಿ ಮಾತಾಡುವುದು ಹಳೆಯ ವಾಡಿಕೆ. ಧರ್ಮಪ್ರಚಾರಕರೂ ಸಮಾಜವಾದಿಗಳೂ ಐ.ಡಬ್ಲ್ಯು.ಡಬ್ಲ್ಯು.ನವರೂ ಅಲ್ಲಿ ಮಾತಾಡುತ್ತಿದ್ದರು. ಮೆಕ್‌ನಮಾರ ಸೋದರರು ತಪ್ಪೊಪ್ಪಿಕೊಂಡ ತಿಂಗಳೊಳಗೇ ಊರಿನ ವರ್ತಕರು ನಗರಸಭೆಗೆ ಅರ್ಜಿ ಕೊಟ್ಟರು. 1912ರ ಜನವರಿ 8ರಂದು ನಗರಸಭೆ ಊರ ನಡುಭಾಗದಲ್ಲಿ ಬೀದಿ ಭಾಷಣ ನಿಷೇಧಿಸಿತು.

ಫೆಬ್ರವರಿಯಲ್ಲಿ ನಿಷೇಧ ಜಾರಿಗೆ ಬಂದ ದಿನವೇ ಮುರಿಯಲ್ಪಟ್ಟಿತು, ಬಂಧನಗಳು ಶುರುವಾದವು. ಐ.ಡಬ್ಲ್ಯು.ಡಬ್ಲ್ಯು.ನ ತಂತ್ರ ಸರಳ: ಒಬ್ಬನ ನಂತರ ಒಬ್ಬ ಪೆಟ್ಟಿಗೆ ಹತ್ತುವುದು, ಜೈಲು ತುಂಬುವುದು, ಪ್ರತಿಯೊಬ್ಬನೂ ಜ್ಯೂರಿ ವಿಚಾರಣೆ ಕೇಳುವುದು. ನಮ್ಮ ಸತ್ಯಾಗ್ರಹಿಗಳ ಜೈಲ್ ಭರೋ ನೆನಪಿರುವ ಓದುಗರಿಗೆ ಇದು ಹೊಸದೆನಿಸದು. ಮಾರ್ಚ್ 10ರಂದು ಜೈಲಿನ ಮುಂದೆ ಸೇರಿದ ಸಾವಿರಾರು ಜನರ ಮೇಲೆ, ಹೆಂಗಸರು ಮಕ್ಕಳನ್ನೂ ಬಿಡದೆ, ಅಗ್ನಿಶಾಮಕದ ಕೊಳವೆಗಳಿಂದ ನೀರು ಹಾಯಿಸಿದರು. ಜೈಲಿನಲ್ಲಿದ್ದ ಮೈಕೇಲ್ ಹೋಯ್ ಎಂಬ ವಯಸ್ಸಾದ ಕಾರ್ಮಿಕ ಮಾರ್ಚ್ ಕೊನೆಯಲ್ಲಿ ತೀರಿಕೊಂಡ. ಪೊಲೀಸರ ಹೊಡೆತವೇ ಕಾರಣವೆಂದು ಜೊತೆಗಾರರು ಆರೋಪಿಸಿದರು. ಮೇ 7ರಂದು ಜೋಸೆಫ್ ಮಿಕೊಲಾಶ್ ಪೊಲೀಸರ ಗುಂಡಿಗೆ ಸತ್ತ.

ಜೈಲು ತುಂಬಿದಾಗ ಊರು ಖಾಸಗಿ ಗುಂಪುಗಳ ಕೈಗೆ ಹೋಯಿತು. ಏಪ್ರಿಲ್ ಮೊದಲ ವಾರದಲ್ಲಿ ಸ್ಯಾನ್ ಒನೋಫ್ರೆಯ ಒಂದು ರಾತ್ರಿಯ ವಿವರ ಅಲ್ಲಿದ್ದ ಆಲ್ ಟಕರ್ ಎಂಬ ಕಾರ್ಮಿಕ ನಂತರ ಬರೆದ ಪತ್ರದಲ್ಲಿದೆ. ಲಾಸ್ ಏಂಜಲೀಸ್ ಕಡೆಯಿಂದ ಗೂಡ್ಸ್ ರೈಲು ಹತ್ತಿ ಬರುತ್ತಿದ್ದವರು ಸುಮಾರು 140 ಜನ, ಹಲವರು ಇನ್ನೂ ಇಪ್ಪತ್ತೊಂದು ತುಂಬದ ಹುಡುಗರು. ಸ್ಯಾನ್ ಒನೋಫ್ರೆಯಲ್ಲಿ ರೈಲು ನಿಧಾನವಾದಾಗ ಹಳಿಯ ಎರಡೂ ಬದಿಯಲ್ಲಿ ನೂರಾರು ಮಂದಿ ಬಂದೂಕು, ದೊಣ್ಣೆ ಹಿಡಿದು ನಿಂತಿದ್ದರು. ಎದೆಯ ಮೇಲೆ ಕಾನ್‌ಸ್ಟೇಬಲ್ ಬಿಲ್ಲೆ, ತೋಳಿಗೆ ಬಿಳಿ ಕರವಸ್ತ್ರ. ಕೆಳಗಿಳಿಸಿದವರನ್ನು ದನದ ದೊಡ್ಡಿಯೊಳಕ್ಕೆ ಕೂಡಿ ರಾತ್ರಿಯೆಲ್ಲ ಹೊಡೆದರು. ಬೆಳಿಗ್ಗೆ ನಾಲ್ಕೈದು ಜನರಂತೆ ಹೊರತೆಗೆದು, ಕೌಂಟಿಯ ಗಡಿಗೆ ನಡೆಸಿ, ಅಮೆರಿಕದ ಬಾವುಟಕ್ಕೆ ಮುತ್ತಿಡಲು ಹೇಳಿದರು. ಆಮೇಲೆ ದೊಣ್ಣೆ, ಚಾವಟಿ ಹಿಡಿದು ನಿಂತ ಎರಡು ಸಾಲುಗಳ ನಡುವೆ ಓಡಿಸಿದರು. ಪ್ರತಿಯೊಬ್ಬನಿಗೂ ಎರಡೂ ಬದಿಯಿಂದ ಏಟು.

ಇದು ಕಾರ್ಮಿಕನೊಬ್ಬನ ಮಾತು, ಆದ್ದರಿಂದ ಪಕ್ಷಪಾತದ್ದು ಎಂದು ಬದಿಗಿಡಬಹುದೇ? ಇಡಲಾಗದು. ಇದೇ ಬಗೆಯ ಹಿಂಸೆ ಬೇರೆ ವರ್ಗದವರ ಮೇಲೂ ನಡೆಯಿತು. ಕಾರ್ಮಿಕರಿಗೆ ಸಹಾನುಭೂತಿ ತೋರಿದ ‘ಸ್ಯಾನ್ ಡಿಯೇಗೊ ಹೆರಾಲ್ಡ್’ ಸಂಪಾದಕ ಅಬ್ರಾಂ ಸಾವರ್‌ನನ್ನು ಅದೇ ಏಪ್ರಿಲ್‌ನಲ್ಲಿ ಅಪಹರಿಸಿ ಬೆದರಿಸಿದರು. ಮೇ 14ರಂದು ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಭಾಷಣಕ್ಕೆ ಬಂದಾಗ, ಆಕೆಯ ಜೊತೆಗಿದ್ದ ವೈದ್ಯ ಬೆನ್ ರೈಟ್‌ಮನ್‌ನನ್ನು ಹೋಟೆಲಿನಿಂದಲೇ ಎತ್ತಿಕೊಂಡು ಹೋಗಿ, ಬೆತ್ತಲೆ ಮಾಡಿ, ಡಾಂಬರು ಬಳಿದು, ಐ.ಡಬ್ಲ್ಯು.ಡಬ್ಲ್ಯು. ಎಂಬ ಮೂರಕ್ಷರವನ್ನು ಉರಿಯುವ ಸಿಗಾರಿನಿಂದ ಮೈಮೇಲೆ ಸುಟ್ಟು ಬರೆದರು.

ವೈನ್‌ಸ್ಟಾಕ್ ವರದಿಯ ತೂಕ

ಇದೇ ಹೊತ್ತಿಗೆ ಪೆನ್ಸಿಲ್ವೇನಿಯದಲ್ಲಿ ಎಂದೂ ಆಗದ ಒಂದು ಕೆಲಸ ಇಲ್ಲಿ ಆಯಿತು. ಕ್ಯಾಲಿಫೋರ್ನಿಯಾದ ಗವರ್ನರ್ ಹೈರಂ ಜಾನ್ಸನ್ ಏಪ್ರಿಲ್‌ನಲ್ಲಿ ಹ್ಯಾರಿಸ್ ವೈನ್‌ಸ್ಟಾಕ್ ಎಂಬವರನ್ನು ವಿಶೇಷ ಆಯುಕ್ತರನ್ನಾಗಿ ಕಳುಹಿಸಿದ. ವೈನ್‌ಸ್ಟಾಕ್ ಕಾರ್ಮಿಕ ನಾಯಕರಲ್ಲ. ಸ್ಯಾಕ್ರಮೆಂಟೊದ ದೊಡ್ಡ ಅಂಗಡಿಯ ಪಾಲುದಾರ ವ್ಯಾಪಾರಿ, ಐ.ಡಬ್ಲ್ಯು.ಡಬ್ಲ್ಯು.ನ ಸಿದ್ಧಾಂತ ಅವರಿಗೆ ಹಿಡಿಸುತ್ತಿರಲಿಲ್ಲ, ಅದನ್ನು ಬರೆದೂ ಇದ್ದಾರೆ. ಅವರು ಬಹಿರಂಗ ವಿಚಾರಣೆ ನಡೆಸಿ ಎರಡೂ ಕಡೆಯವರಿಗೆ ಮಾತಾಡಲು ಅವಕಾಶ ಕೊಟ್ಟರು. ಮೇನಲ್ಲಿ ಸಲ್ಲಿಸಿದ ವರದಿಯಲ್ಲಿ, ಕಾನೂನನ್ನು ಕೈಗೆತ್ತಿಕೊಂಡ ಸ್ಥಿತಿವಂತ ನಾಗರಿಕರನ್ನು ಕಟುವಾಗಿ ಖಂಡಿಸಿದರು. ತಾನು ಕಂಡದ್ದು ಅಮೆರಿಕವೋ ರಷ್ಯಾವೋ ಎಂದು ಸಂಶಯವಾಗುತ್ತದೆಂಬ ಅರ್ಥದ ಮಾತನ್ನೂ ಆಡಿದರು.

ಒಬ್ಬ ಸಾಕ್ಷಿ ತನ್ನ ಒಲವಿಗೆ ವಿರುದ್ಧವಾಗಿ ನುಡಿದ ಮಾತಿಗೆ ಇತಿಹಾಸದಲ್ಲಿ ವಿಶೇಷ ತೂಕವಿದೆ. ಟಕರ್‌ನ ಪತ್ರವನ್ನು ನಾವು ನಂಬಲು ವೈನ್‌ಸ್ಟಾಕ್ ವರದಿ ಮುಖ್ಯ ಕಾರಣ. ಆದರೂ ಹೊಡೆದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ, ಶಿಕ್ಷೆಯಾದದ್ದು ಮಾತಾಡಿದವರಿಗೆ. ಬೀದಿಯ ಚಳವಳಿ ಆ ವರ್ಷ ಸೋತಿತು. 1913ರಲ್ಲಿ ಮತ್ತೆ ಬಂದ ಗೋಲ್ಡ್‌ಮನ್‌ಳನ್ನು ಮತ್ತೆ ಓಡಿಸಿದರು. 1915ರಲ್ಲಿ ಆಕೆ ಅದೇ ಊರಿನಲ್ಲಿ ಮಾತಾಡಿದಳು.

ಹಳೆಯ ವಿಧಾನ ಅಲ್ಲಿಗೇ ಮುಗಿಯಲಿಲ್ಲ. 1916ರ ಜುಲೈ 22ರಂದು ಸ್ಯಾನ್ ಫ್ರಾನ್ಸಿಸ್ಕೊದ ಮೆರವಣಿಗೆಯಲ್ಲಿ ಬಾಂಬು ಸಿಡಿದು ಹತ್ತು ಮಂದಿ ಸತ್ತಾಗ, ಐರಿಷ್ ಮೂಲದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ ಟಾಮ್ ಮೂನಿಗೆ ಗಲ್ಲು ವಿಧಿಸಿದರು. ಸುಳ್ಳು ಸಾಕ್ಷ್ಯ ಬಯಲಾದ ಮೇಲೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಬಿಡುಗಡೆ ಸಿಕ್ಕಿದ್ದು 1939ರಲ್ಲಿ. ತಪ್ಪು ಮಾಡಿ ಒಪ್ಪಿಕೊಂಡ ಜೆ.ಬಿ. ಮೆಕ್‌ನಮಾರನೂ ತಪ್ಪು ಮಾಡದ ಮೂನಿಯೂ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ವರ್ಷಗಟ್ಟಲೆ ಜೊತೆಗಿದ್ದರು. ಹೊರಗಿನ ಪತ್ರಿಕೆಗಳಿಗೆ ಇಬ್ಬರೂ ಒಂದೇ ಬಗೆಯ ಐರಿಷ್ ಡೈನಮೈಟ್‌ಗಾರರು.

ಕೋಲಾರದ ದೃಷ್ಟಿಯಿಂದ

ಕನ್ನಡ ನಾಡಿನ ಇತಿಹಾಸಕಾರರಿಗೆ ಈ ಹೋಲಿಕೆ ದೂರದ್ದಲ್ಲ. ಜಾನ್ ಟೇಲರ್ ಆ್ಯಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಲ್ಲೂ ಕೆಲಸ ಜನ್ಮದ ಪ್ರಕಾರ ಹಂಚಿಹೋಗಿತ್ತು: ಮೇಲೆ ಐರೋಪ್ಯ ಅಧಿಕಾರಿಗಳು, ಕೆಳಗೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ, ತಮಿಳು, ತೆಲುಗು ಆಡುವ ದಲಿತ ಕಾರ್ಮಿಕರು. 1930ರಲ್ಲಿ ಕಾರ್ಮಿಕರನ್ನು ಬೆರಳಚ್ಚು ಸಮೇತ ನೋಂದಾಯಿಸುವ ಕ್ರಮ ಬಂದಾಗ ಸಾವಿರಾರು ಮಂದಿ, ಹೆಸರಾಂತ ನಾಯಕರಿಲ್ಲದೆಯೇ, ಕೆಲಸ ನಿಲ್ಲಿಸಿದರು. ಅಪರಾಧಿಗಳಿಂದ ಪಡೆಯುವಂಥ ಗುರುತನ್ನು ದುಡಿಯುವವರಿಂದ ಪಡೆಯುವುದು ಅವರಿಗೆ ಅವಮಾನವಾಗಿ ಕಂಡಿತು. 1946ರಲ್ಲಿ ಗಣಿ ಪ್ರದೇಶದ ಗೋಲಿಬಾರಿಗೆ ಕಾರ್ಮಿಕರು ಬಲಿಯಾದರು. ಜಾನಕಿ ನಾಯರ್ ಅವರ ‘ಮೈನರ್ಸ್ ಆ್ಯಂಡ್ ಮಿಲ್‌ಹ್ಯಾಂಡ್ಸ್’ ಈ ಇತಿಹಾಸವನ್ನು ಅಧಿಕಾರಿಗಳ ಕಡತದ ಆಚೆಗೂ ನಿಂತು ಓದಿದ ಮುಖ್ಯ ಕೃತಿ.

ಪೆನ್ಸಿಲ್ವೇನಿಯದಲ್ಲಿ ಧರ್ಮ ಮತ್ತು ವಲಸೆ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮತ್ತು ಭಾಷೆ ಮಾಡಿದವು. ಕಾರ್ಮಿಕನ ನುಡಿ ಬೇರೆ, ಕೇರಿ ಬೇರೆ, ಮಧ್ಯಮವರ್ಗದ ಓದುಗನಿಗೆ ಅವನ ಮನೆಯ ಪರಿಚಯವಿಲ್ಲ. ಆ ದೂರವಿದ್ದಾಗ ಅವನು ಸ್ವಭಾವತಃ ಹಿಂಸಾವಾದಿ ಎಂಬ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ.

ನಿರ್ಣಯ

ಈ ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮೂರು ಅಂಶಗಳು ಸ್ಥಿರವಾಗುತ್ತವೆ. ಮೊದಲನೆಯದು, ‘ಕಾರ್ಮಿಕ ಹಿಂಸೆ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಇವನ್ನು ಸೇರಿಸುವುದು ತಪ್ಪು. 1877ರದು ಸಂಶಯದ ಸಾಕ್ಷ್ಯ, 1907ರದು ಬಿದ್ದುಹೋದ ಸಾಕ್ಷ್ಯ, 1911ರದು ಸತ್ಯವಾದ ಆರೋಪ, 1912ರದು ಮಾಲೀಕರ ಕಡೆಯ ಹಿಂಸೆ, 1916ರದು ಸುಳ್ಳು ಸಾಕ್ಷ್ಯ. ಎರಡನೆಯದು, ಪೊಲೀಸ್ ಅಧಿಕಾರ ಖಾಸಗಿಯವರ ಕೈಗೆ ಹೋದ ಕಡೆಯೆಲ್ಲ ಮೊದಲ ಪೆಟ್ಟು ಬಿದ್ದದ್ದು ಬಹಿರಂಗ ಕಾರ್ಮಿಕ ಸಂಘಕ್ಕೆ. ಸಂಘ ಮುರಿದರೆ ಮಾತಿನ ದಾರಿ ಮುಚ್ಚಿ, ರಹಸ್ಯ ಮತ್ತು ಸೇಡಿಗೆ ಎಡೆಯಾಗುತ್ತದೆ. ಮೂರನೆಯದು, ನ್ಯಾಯ ಉಳಿದಷ್ಟು ಮಟ್ಟಿಗೆ ಉಳಿದದ್ದು ಯಾರ ಔದಾರ್ಯದಿಂದಲೂ ಅಲ್ಲ, ಐಡಹೋದ ಸಾಕ್ಷ್ಯ ನಿಯಮ ಮತ್ತು ಕ್ಯಾಲಿಫೋರ್ನಿಯಾದ ಬಹಿರಂಗ ವಿಚಾರಣೆಯಂಥ ನೀರಸ ವ್ಯವಸ್ಥೆಗಳಿಂದ.

ಕೋಲಾರದ ಇತಿಹಾಸ ಬರೆಯುವವರಿಗೆ ಇದರಲ್ಲಿ ಸ್ಪಷ್ಟವಾದ ಕೆಲಸವಿದೆ. ಗೋಲಿಬಾರಿನ ಬಗ್ಗೆ ಸರ್ಕಾರದ ಕಡತ, ಕಂಪನಿಯ ಕಾಗದ, ಕಾರ್ಮಿಕ ಕುಟುಂಬಗಳ ನೆನಪು ಮೂರನ್ನೂ ಒಟ್ಟಿಗೆ ತಂದು, ಯಾವ ಮಾತು ಯಾರ ಹಿತಕ್ಕೆ ವಿರುದ್ಧವಾಗಿ ಬಂದಿದೆ ಎಂದು ತೂಗಬೇಕು. 2001ರಲ್ಲಿ ಗಣಿ ಮುಚ್ಚಿತು; 1946ನ್ನು ಮಕ್ಕಳಾಗಿ ಕಂಡವರಿಗೆ ಈಗ ಎಂಬತ್ತು ದಾಟಿದೆ. ಆ ಕುಟುಂಬಗಳ ಮಾತನ್ನು ತಮಿಳಿನಲ್ಲಿ, ತೆಲುಗಿನಲ್ಲಿ ಅವರು ಆಡಿದಂತೆಯೇ ದಾಖಲಿಸಿ, ಕನ್ನಡಕ್ಕೆ ತಂದು, ಕಡತದ ಪಕ್ಕದಲ್ಲಿ ಇಡುವ ಹೊಣೆ ನಮ್ಮ ವಿಶ್ವವಿದ್ಯಾಲಯಗಳದು. ಅದನ್ನು ಈ ಪೀಳಿಗೆಯವರೇ ಮಾಡಬೇಕು, ಮುಂದಿನವರಿಗೆ ಆ ಅವಕಾಶ ಇರುವುದಿಲ್ಲ.